ಹಣ್ಣು ಉದುರಿಸಿದ ಎಡಗೈ

ಸಾತನೂರಿನ ತೋಟದ ಮಾಲೀಕ ನಾಗರಾಜು ಲಕ್ಷ್ಮಿದೇವಮ್ಮನಿಗೆ ಹನ್ನೊಂದು ದಿನದ ಕೂಲಿ ಇನ್ನೂ ಕೊಟ್ಟಿಲ್ಲ.

ನಲವತ್ತು ವರ್ಷ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ದ ಹೆಂಗಸು ಅವಳು. ಸುಮ್ಮನೆ ಕೂತರೂ ಬೆರಳುಗಳು ಸೆರಗಿನ ಅಂಚನ್ನಾದರೂ ಕೀಳುತ್ತಿರುತ್ತವೆ. ರೇಷ್ಮೆ ಹುಳುವಿಗೆ ಸೊಪ್ಪು ಬೇಕು, ಹಣ್ಣು ಬೇಡ. ಬುಟ್ಟಿಯಲ್ಲಿ ಹಣ್ಣು ಬೆರೆತರೆ ಸೊಪ್ಪು ಕಾವು ಹಿಡಿದು ಹುಳಿಯುತ್ತದೆ, ಹುಳುಗಳು ರೋಗ ಹತ್ತಿ ಸಾಯುತ್ತವೆ. ಹಾಗಾಗಿ ರೆಂಬೆ ಹಿಡಿದ ಕೂಡಲೇ ಎಡಗೈಯಿಂದ ಒಮ್ಮೆ ಸವರಿ ಹಣ್ಣನ್ನು ನೆಲಕ್ಕೆ ಉದುರಿಸಬೇಕು. ಆಮೇಲೆ ಬಲಗೈ ಸೊಪ್ಪಿಗೆ ಹೋಗಬೇಕು. ಅತ್ತೆ ಕಲಿಸಿದ್ದು.

ಈಗ ಅದೇ ಹಣ್ಣಿಗೆ ಕಾಲ ಬಂದಿದೆ. ಶುಗರ್‌ಗೆ ಒಳ್ಳೆಯದು, ರಕ್ತಕ್ಕೆ ಒಳ್ಳೆಯದು ಎಂದು ಬೆಂಗಳೂರಿನವರು ಡಬ್ಬಿ ಡಬ್ಬಿ ಕೊಳ್ಳುತ್ತಾರೆ. ನಾಗರಾಜು ಒಂದೆಕರೆ ಸೊಪ್ಪಿನ ಗಿಡ ಕೀಳಿಸಿ ಉದ್ದ ಹಣ್ಣಿನ ಜಾತಿ ನೆಟ್ಟ.

ಮೊದಲ ಕೊಯ್ಲಿನ ದಿನ ಲಕ್ಷ್ಮಿದೇವಮ್ಮ ರೆಂಬೆ ಹಿಡಿದಳು. ಎಡಗೈ ತನ್ನ ಹಳೆಯ ಕೆಲಸ ಮಾಡಿತು. ಒಂದು ಸಾಲು ಮುಗಿಯುವ ಹೊತ್ತಿಗೆ ನೆಲವೆಲ್ಲ ಕಪ್ಪು.

"ಏನಮ್ಮೋ, ತಲೆ ನೆಟ್ಟಗೈತಾ? ಕೇಜಿಗೆ ನಾನೂರು ರೂಪಾಯಿ ಮಾಲು ಕಣಮ್ಮ ಅದು!" ನಾಗರಾಜು ಕಿರುಚಿದ.

ಅವಳ ದಿನದ ಕೂಲಿ ಮುನ್ನೂರೈವತ್ತು.

ಪಕ್ಕದ ಸಾಲಿನ ಗುಲ್ಜಾರ್ ಬೀ ನಕ್ಕಳು. "ನಲವತ್ತು ವರ್ಸದಿಂದ ಎಷ್ಟು ಲಕ್ಷ ಉದುರ್ಸಿದೀಯೋ ಅಕ್ಕ, ಅದುನ್ನೂ ಕೂಲೀಲಿ ಹಿಡ್ಕೊಂಡಾನು ನೋಡು."

ಹಿಡಿದೇಬಿಟ್ಟ. ಉಳಿದವರಿಗೆ ವಾರಕ್ಕೊಮ್ಮೆ ಬಟವಾಡೆ, ಇವಳಿಗೆ ಮಾತ್ರ ನಾಳೆ. ಹಾಳಾದ ಹಣ್ಣಿನ ಲೆಕ್ಕ ನೋಡಬೇಕಂತೆ. ಅವಳು ಎಡಗೈಯನ್ನು ಸೆರಗಿನಿಂದ ಸೊಂಟಕ್ಕೆ ಬಿಗಿದುಕೊಂಡು, ಬಲಗೈಯೊಂದರಲ್ಲೇ ತೊಟ್ಟು ಸಮೇತ ಬಿಡಿಸಿದಳು. ಹತ್ತು ದಿನ. ಒಂದು ಹಣ್ಣು ಕೆಳಗೆ ಬೀಳಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಬೆಂಗಳೂರಿಗೆ ಹಣ್ಣು ಒಯ್ಯುವ ವ್ಯಾನು ಬಂದು ನಿಂತಿತ್ತು. ಲಕ್ಷ್ಮಿದೇವಮ್ಮ ತೋಟದ ಬದುವಿನ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಬುಟ್ಟಿ ಮುಟ್ಟಲಿಲ್ಲ.

"ಕೂಲಿ ಕೊಡು."

"ನಾಳೆ ಕೊಡ್ತೀನಿ ಅಂದ್ನಲ್ಲಮ್ಮ, ಹಣ್ಣು ಬಿಡ್ಸು."

"ಹಂಗಾರೆ ಹಣ್ಣೂ ನಾಳೆ ಬಿಡುಸ್ತೀನಿ."

ಮಾಗಿದ ಈ ಹಣ್ಣು ನಾಳೆಗೆ ಕಾಯುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಗಿಡದಲ್ಲೇ ನೀರೊಡೆಯುತ್ತದೆ.

ಗುಲ್ಜಾರ್ ಬೀ ಬುಟ್ಟಿ ಬೋರಲು ಹಾಕಿ ಬಂದಳು. "ಒಸಿ ಜರುಗಕ್ಕ."

ಮಿಕ್ಕ ನಾಲ್ವರು ತಲೆ ಎತ್ತದೆ ಕೊಯ್ದರು. ವ್ಯಾನು ಅರ್ಧ ತುಂಬಿ ಹೋಯಿತು. ಇಬ್ಬರಿಗೂ ಇನ್ನು ತೋಟದ ಕಡೆ ತಲೆ ಹಾಕಬೇಡಿ ಎಂದ ನಾಗರಾಜು. ಅವರು ದಿನಾ ಬರುತ್ತಾರೆ. ಬದುವಿನ ಮೇಲೆ ಕೂರುತ್ತಾರೆ.

ಆ ವ್ಯಾನಿನಲ್ಲಿ ಹೋದ ಡಬ್ಬಿ ನಿಮ್ಮ ಫ್ರಿಜ್ಜಿನಲ್ಲಿ ಇರಬಹುದು. ಅದರ ಮೇಲೆ ತೋಟದ ಫೋನ್ ನಂಬರು ಅಚ್ಚಾಗಿರುತ್ತದೆ. ಲಕ್ಷ್ಮಿದೇವಮ್ಮನ ಹನ್ನೊಂದು ದಿನದ ಕೂಲಿ ಕೊಟ್ಟಿರಾ ಎಂದು ಫೋನ್ ಮಾಡಿ ಕೇಳಿ. ಕೊಟ್ಟಮೇಲೆ ತಿನ್ನಿ.