ಗಿಣಿಯಂಚಿಗೆ ಯಾವ ಫೈರ್‌ವಾಲ್?

ಹೋದ ವಾರ ದೊಡ್ಡಬಳ್ಳಾಪುರದ ಪೇಟೆಯಲ್ಲಿ ನನ್ನ ಗಿಣಿ ಸಿಕ್ಕಿತು. ಯಾರದೋ ಅಂಗಡಿಯ ಬಾಗಿಲಲ್ಲಿ, ಯಾರೋ ನೇಯ್ದ ಸೀರೆಯ ಅಂಚಿನಲ್ಲಿ!

ನಮ್ಮ ಮನೆಯಲ್ಲಿ ನಾಲ್ಕು ಮಗ್ಗಗಳಿವೆ ಎಂದು ಈ ಅಂಕಣ ಓದುವವರಿಗೆಲ್ಲ ಗೊತ್ತು. (ಆ ಸದ್ದಿನಲ್ಲೇ ಇದನ್ನೂ ಬರೆಯುತ್ತಿದ್ದೇನೆ.) ಮಗ್ಗ ನೋಡಿಕೊಳ್ಳುವವರು ಯಜಮಾನರು. ಕಂಪ್ಯೂಟರಿನಲ್ಲಿ ಡಿಸೈನ್ ಬಿಡಿಸುವವಳು ನಾನು. ಆ ಗಿಣಿಯಂಚಿಗೆ ಎರಡು ತಿಂಗಳು ಕಣ್ಣು ಕೀಲಿಸಿದ್ದೆ. ಈಗ ಅದೇ ಅಂಚು ಅಗ್ಗದ ನೂಲಿನಲ್ಲಿ ಬಂದರೆ ನಮ್ಮ ಸೀರೆಯನ್ನು ಯಾರು ಕೇಳುತ್ತಾರೆ? ಹೊಟ್ಟೆ ಉರಿದುಹೋಯಿತು.

ಡಿಸೈನ್ ಇರುವುದು ಕಂಪ್ಯೂಟರಿನಲ್ಲಿ. ಅಂದ ಮೇಲೆ ಕಳ್ಳ ನುಗ್ಗಿದ್ದೂ ಅಲ್ಲಿಗೇ ತಾನೆ? ನಕಲಿ ಸೀರೆ ಒಂದನ್ನು ಸಾಕ್ಷಿಗೆಂದು ಕೊಂಡು, ಸೀದಾ ಕಂಪ್ಯೂಟರ್ ಅಂಗಡಿಯ ನಯಾಜ್ ಭಾಯ್ ಹತ್ತಿರ ಹೋದೆ.

"ಫೈರ್‌ವಾಲ್ ಬಾಕ್ಸ್ ಹಾಕ್ಸಿ ಅಕ್ಕಾ. ಹಾರ್ಡ್‌ವೇರು. ಇಂಟರ್ನೆಟ್ ಲೈನಿಗೂ ಕಂಪ್ಯೂಟರ್‌ಗೂ ಮಧ್ಯ ಕೂತ್ಕೊಳ್ಳುತ್ತೆ. ಮನೆಗೆ ಗೇಟ್ ಇದ್ದಂಗೆ. ಮೊಬೈಲು, ಟೀವಿ ಎಲ್ಲಕ್ಕೂ ಒಂದೇ ಕಾವಲು."

ಸರಿ, ಬಾಕ್ಸೇ ಎಂದುಕೊಂಡು ಮನೆಗೆ ಬಂದೆ. ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ನನ್ನ ತಮ್ಮ ಮಹೇಶ ಫೋನಿನಲ್ಲೇ ನಕ್ಕ.

"ಒಂದು ಕಂಪ್ಯೂಟರ್‌ಗೆ ಬಾಕ್ಸ್ ಯಾಕಕ್ಕಾ? ಸಾಫ್ಟ್‌ವೇರ್ ಫೈರ್‌ವಾಲ್ ಅದ್ರಲ್ಲೇ ಇರುತ್ತೆ, ಆನ್ ಇದ್ಯಾ ನೋಡು ಸಾಕು. ಯಾವ ಪ್ರೋಗ್ರಾಂ ಹೊರಗಡೆ ಏನು ಕಳಿಸ್ತಿದೆ ಅಂತ ಅದಕ್ಕೇ ಚೆನ್ನಾಗಿ ಗೊತ್ತಾಗೋದು."

"ಹಂಗಾದ್ರೆ ಗೇಟು?"

"ನಿಮ್ಮ ವೈಫೈ ಪೆಟ್ಟಿಗೇಲೇ ಸಣ್ಣದೊಂದು ಗೇಟ್ ಇದೆ."

ನಯಾಜ್ ಭಾಯ್‌ಗೆ ಮತ್ತೆ ಫೋನ್ ಮಾಡಿದೆ. "ಸಣ್ಣ ಗೇಟ್ ನೆಗೆಯೋಕೆ ಎಷ್ಟು ಹೊತ್ತು ಅಕ್ಕಾ?" ಎಂದರು. ತಮ್ಮನಿಗೆ ಫೋನ್ ಮಾಡಿದೆ. "ಅಷ್ಟು ಭಯ ಇದ್ರೆ ಎರಡೂ ಹಾಕ್ಕೊ" ಎಂದ. ಮೊದಲು ಏನೂ ಗೊತ್ತಿರಲಿಲ್ಲ, ನೆಮ್ಮದಿಯಾಗಿದ್ದೆ. ಈಗ ಅರ್ಧ ಗೊತ್ತಾಗಿ ತಲೆ ಕೆಟ್ಟು ಮೊಸರಾಯಿತು. (ನಿಮಗೂ ಹೀಗೇ ಆಗುತ್ತದೆಯೇ, ಇಲ್ಲ ನನ್ನೊಬ್ಬಳಿಗೋ?)

ಅಷ್ಟರಲ್ಲಿ ಯಜಮಾನರು ಊಟಕ್ಕೆ ಬಂದರು. ನಕಲಿ ಸೀರೆಯನ್ನು ಬಿಡಿಸಿ, ಕಂಪ್ಯೂಟರಿನ ಪರದೆಯ ಪಕ್ಕ ಹಿಡಿದು ತೋರಿಸಿದೆ. ಅದೇ ಎಲೆ, ಅದೇ ಬಳ್ಳಿ. ಗಿಣಿಗೆ ಮಾತ್ರ ಕೊಕ್ಕಿಲ್ಲ. ಸೀರೆಯುದ್ದಕ್ಕೂ ಒಂದು ಗಿಣಿಗೂ ಕೊಕ್ಕಿಲ್ಲ.

"ಕದಿಯೋಕೂ ಬರಲ್ಲ ನೋಡ್ರಿ ಇವ್ರಿಗೆ!" ಎಂದು ನಕ್ಕೆ.

ಯಜಮಾನರು ನಗಲಿಲ್ಲ. "ಇದು ಕಂಪ್ಯೂಟರಿಂದ ಹೋಗಿದ್ದಲ್ಲ ಕಣೇ" ಎಂದರು. "ಕಂಪ್ಯೂಟರಲ್ಲಿರೋ ಗಿಣಿಗೆ ಕೊಕ್ಕಿದೆ. ಕೊಕ್ಕಿಲ್ದೆ ನೇಯ್ದಿದ್ದು ನಾವು ಒಂದೇ ಒಂದು ಸೀರೆ."

ನನಗೆ ಆಗ ನೆನಪಾಯಿತು. ಹೊಸ ಡಿಸೈನಿನ ಮೊದಲ ಸೀರೆ ನಮ್ಮ ಬೀದಿಯ ಗುಡಿಯ ಅಮ್ಮನವರಿಗೆ. ಇದು ನಮ್ಮ ಮನೆಯಲ್ಲಿ ಅತ್ತೆಯ ಅತ್ತೆಯ ಕಾಲದಿಂದ ಬಂದ ರೂಢಿ. ಈ ಸಲ ಆ ಮೊದಲ ಸೀರೆ ನೇಯುವಾಗ ಮಗ್ಗದಲ್ಲಿ ನೂಲೆತ್ತುವ ಒಂದು ಕೊಕ್ಕೆ ಸಿಕ್ಕಿಕೊಂಡು, ಅಷ್ಟೂ ಗಿಣಿಗಳಿಗೆ ಕೊಕ್ಕು ಬೀಳಲಿಲ್ಲ. ರಿಪೇರಿ ಆದ ಮೇಲೆ ಬಂದದ್ದೆಲ್ಲ ಸರಿಯಾಗಿತ್ತು. ಇನ್ನೊಂದು ನೇಯ್ದು ಕೊಡಬೇಕಿತ್ತು. ಆದರೆ ನಾನೇ, "ಬಿಡಿ, ಅಮ್ಮನವರೇನು ಕೊಕ್ಕು ಎಣಿಸ್ತಾರಾ?" ಎಂದು ಅದನ್ನೇ ಕಳಿಸಿದ್ದೆ.

ಅಮ್ಮನವರು ಅದನ್ನು ಒಂದು ವಾರ ಉಟ್ಟಿದ್ದರು. ಮಂಗಳಾರತಿಗೆ ಬರುವವರೆಲ್ಲ ಮಗ್ಗದ ಮನೆಯವರೇ. ಎಲ್ಲರ ಕೈಯಲ್ಲೂ ಮೊಬೈಲು. ಅವರಲ್ಲಿ ಯಾರೋ ಒಬ್ಬರು ಅಮ್ಮನವರ ಮುಖ ಬಿಟ್ಟು ಅಂಚಿನ ಫೋಟೊ ತೆಗೆದುಕೊಂಡಿದ್ದಾರೆ! ದೇವರಿಗೆ ಕೆಟ್ಟುಹೋದ ಸೀರೆ ಕೊಟ್ಟವಳು ನಾನು. ಈಗ ಯಾರನ್ನೆಂದು ಬೈಯಲಿ? ನಾಚಿಕೆಯಾಯಿತು, ನಿಜ. ಆದರೆ ಆ ಕೊಕ್ಕು ಸರಿಯಾಗಿದ್ದಿದ್ದರೆ ಈ ಕಳ್ಳತನ ಎಲ್ಲಿಂದಾಯಿತೆಂದು ಗೊತ್ತೇ ಆಗುತ್ತಿರಲಿಲ್ಲವಲ್ಲ? ಅಮ್ಮನವರು ನನಗೆ ಬೈದರೋ, ಸಹಾಯ ಮಾಡಿದರೋ, ಅದೂ ತಿಳಿಯುತ್ತಿಲ್ಲ.

ಈ ಶುಕ್ರವಾರ ನವಿಲಿನ ಅಂಚಿನ ಮೊದಲ ಸೀರೆ ಮಗ್ಗದಿಂದ ಇಳಿಯುತ್ತದೆ. ಈ ಸಲ ಅಮ್ಮನವರಿಗೆ ಬೇರೆ ಸೀರೆ ಕೊಡೋಣವೇ ಎಂದು ಅತ್ತೆಯನ್ನು ಮೆಲ್ಲಗೆ ಕೇಳಿದೆ.

"ಯಾವನೋ ಕದೀತಾನೆ ಅಂತ ಅಮ್ಮನವ್ರಿಗೆ ಹಳೇ ಸೀರೆ ಉಡಿಸ್ತೀಯಾ?" ಎಂದರು ಅತ್ತೆ. "ಮಗ್ಗ ಓಡ್ತಿರೋದೇ ಅವಳಿಂದ. ಈ ಸಲನಾದ್ರೂ ಎಲ್ಲ ನವಿಲಿಗೂ ಕಾಲಿದ್ಯಾ ನೋಡಿ ಕೊಡು."

ಈಗಷ್ಟೇ ನಯಾಜ್ ಭಾಯ್ ಫೋನ್ ಬಂತು. ಬಾಕ್ಸ್ ತರಿಸಿದ್ದಾರಂತೆ. ತಮ್ಮ ಹೇಳಿದ ಸಾಫ್ಟ್‌ವೇರನ್ನೂ ಆನ್ ಮಾಡಿದ್ದೇನೆ. ಎಲ್ಲ ಸರಿ, ಅಮ್ಮನವರಿಗೂ ಮಂಗಳಾರತಿಗೆ ಬರುವ ನಮ್ಮ ಬೀದಿಯವರಿಗೂ ನಡುವೆ ಇಡುವಂಥ ಪೆಟ್ಟಿಗೆ ಯಾವ ಅಂಗಡಿಯಲ್ಲಿ ಸಿಗುತ್ತದೆ?