ವೋಟಿನ ದಿನದ ಇಳಿಜಾರು

ಆ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಊರವರೆಲ್ಲ ದೊಡ್ಡ ಟೀಚರ್ ಅಂತಲೇ ಕರೆಯುತ್ತಿದ್ದರು. ತಮ್ಮ ಶಾಲೆಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಅವರು ಸುಮ್ಮನೆ ಬಿಡುವವರಲ್ಲ.

ಚುನಾವಣೆಗೆ ಶಾಲೆ ಮತಗಟ್ಟೆಯಾಯಿತು. ಹಿಂದಿನ ದಿನ ಇಬ್ಬರು ಆಳುಗಳು ಗಾಡಿಯಿಂದ ಮರದ ಹಲಗೆ ಇಳಿಸಿ, ಬಾಗಿಲ ಮುಂದಿನ ಮೆಟ್ಟಿಲುಗಳ ಮೇಲೆ ಇಳಿಜಾರು ಹೊಂದಿಸಿದರು. ಗಾಲಿಕುರ್ಚಿಯಲ್ಲಿ ಬರೋರಿಗೆ, ವಯಸ್ಸಾದವರಿಗೆ ಅಂದರು. ಕೊಟ್ಟ ಚಹಾ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು. ಟೀಚರ್ ಖುಷಿಯಿಂದ ತಾವೇ ಒಂದು ಸಲ ಹತ್ತಿಳಿದು ನೋಡಿದರು.

ಮರುದಿನ ಬೀಗದ ಕೈ ಹಿಡಿದು ಅವರು ವರಾಂಡದಲ್ಲೇ ಇದ್ದರು. ಸಾಲಿನಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳು ಗಾಲಿಕುರ್ಚಿಯಲ್ಲಿ ಮಗಳನ್ನು ಕೂರಿಸಿಕೊಂಡು ನಿಂತಿದ್ದಳು. ಟೀಚರಿಗೆ ಕೂಡಲೇ ಗುರುತು ಹತ್ತಿತು. ವರ್ಷದ ಮೊದಲಲ್ಲಿ ಇವಳು ಮಗಳನ್ನು ಸೇರಿಸಲು ಬಂದಿದ್ದಳು. ಮೆಟ್ಟಿಲಿದೆ, ದಿನಾ ಎತ್ತಿಕೊಂಡು ಹತ್ತಿಸೋರು ಯಾರು, ಇಳಿಜಾರು ಮಾಡಿಸೋದು ನಮ್ಮ ಕೈಲಿಲ್ಲ ಎಂದು ಟೀಚರ್ ನಯವಾಗಿಯೇ ಸಾಗಹಾಕಿದ್ದರು.

ಈಗ ಕುರ್ಚಿ ಸರಾಗವಾಗಿ ಮೇಲೆ ಬಂತು. ತಾಯಿ ವೋಟು ಹಾಕಿ ಬರುವವರೆಗೆ ಹುಡುಗಿ ಗೋಡೆಯ ಮೇಲಿನ ಚಿತ್ರಗಳನ್ನು ಕಣ್ಣರಳಿಸಿ ನೋಡಿದಳು. ಆಮೇಲೆ ಇತ್ತ ತಿರುಗಿದಳು.

"ಟೀಚರ್, ಇದು ನಾಳೆನೂ ಇರುತ್ತಾ?"

ಟೀಚರ್ ಬಾಯಿ ಬಿಡುವ ಮೊದಲೇ ತಾಯಿ ಹೇಳಿದಳು: "ಇಲ್ಲ ಪುಟ್ಟಿ. ಇದು ವೋಟಿರೋರಿಗೆ."

ಆ ದನಿಯಲ್ಲಿ ಸಿಟ್ಟಿದ್ದಿದ್ದರೆ ಟೀಚರ್ ಹೇಗಾದರೂ ತಡೆದುಕೊಳ್ಳುತ್ತಿದ್ದರು. ಇರಲಿಲ್ಲ.

ಮತದಾನ ಮುಗಿದದ್ದೇ ಆಳುಗಳು ಹಲಗೆ ಕಳಚಲು ಬಂದರು. ಬಿಟ್ಟು ಹೋಗ್ರಪ್ಪಾ ಎಂದು ಟೀಚರ್ ಬೇಡಿಕೊಂಡರು. ಬಾಡಿಗೆ ಸಾಮಾನು, ವಾಪಸ್ ಕೊಡಬೇಕು ಅಂದರು. ಟೀಚರ್ ಖಾಲಿ ತರಗತಿಯಲ್ಲಿ ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟರು. ಆಗಲ್ಲ ಅಂದಿದ್ದರೇ ಹೊರತು, ಆಗುತ್ತಾ ಅಂತ ಒಬ್ಬ ಬಡಗಿಯನ್ನೂ ಕೇಳಿರಲಿಲ್ಲ. ಯೋಚಿಸಿದಷ್ಟೂ ನಾಚಿಕೆಯಿಂದ ಮೈ ಹಿಡಿಯಾಯಿತು.

ಬೆಳಿಗ್ಗೆ ಬಡಗಿಯನ್ನು ಕರೆಸಿದರು. ಇಳಿಜಾರಿನ ಕೆಲಸ ಮುಗಿದ ಮೇಲೆ ಹೊಲಿಗೆಯವಳ ಮನೆ ಹುಡುಕಿಕೊಂಡು ಹೋದರು. ಅವಳು ಮಿಷನ್ ತುಳಿಯುತ್ತಲೇ ಎಲ್ಲ ಕೇಳಿಸಿಕೊಂಡು, ನಾಳೆಯಿಂದ ಕಳಿಸ್ತೀನಿ ಅಂದಳು.

"ನನ್ನಿಂದ ತಪ್ಪಾಯ್ತಮ್ಮ," ಅಂದರು ಟೀಚರ್.

ಮಿಷನ್ ನಿಂತಿತು. "ಅದನ್ನ ಅವಳಿಗೆ ಹೇಳಿ ಟೀಚರ್."

ಹುಡುಗಿ ಮೂಲೆಯಲ್ಲಿ ಬಟ್ಟೆ ಚೂರುಗಳನ್ನು ಜೋಡಿಸುತ್ತಿದ್ದಳು. ಟೀಚರ್ ಅವಳ ಮುಂದೆ ಮಂಡಿಯೂರಿದರು. ಒಂದು ಚೂರನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಕೊನೆಗೆ, ನಿನಗೆ ಯಾವ ಬಣ್ಣ ಇಷ್ಟ ಪುಟ್ಟಿ ಎಂದಷ್ಟೇ ಕೇಳಿ ಎದ್ದು ಬಂದರು.

ಹುಡುಗಿ ಈಗ ಶಾಲೆಗೆ ಬರುತ್ತಾಳೆ, ಎದುರಾದಾಗಲೆಲ್ಲ ನಗುತ್ತಾಳೆ. ಹೇಳಬೇಕಾದ ಮಾತನ್ನು ಟೀಚರ್ ಇನ್ನೂ ಹೇಳಿಲ್ಲ.