ನೆರಳಿನಲ್ಲಿ ಒಣಗಬೇಕಾಗಿದ್ದ ಗ್ಲೌಸು

ಗೋಲ್‌ಕೀಪರ್‌ಗಳ ಹೊಸ ಗ್ಲೌಸಿನ ಪ್ಯಾಕೆಟ್ಟು ಒಡೆದರೆ ಒಂದು ವಾಸನೆ ಬರುತ್ತದೆ. ಬಲೂನು ಊದುವಾಗ ಮೂಗಿಗೆ ಬಡಿಯುತ್ತದಲ್ಲ, ಹಸಿ ರಬ್ಬರಿನ ವಾಸನೆ, ಅಂಥದ್ದೇ. ಮೊನ್ನೆ, ನಾನೀಗ ಓದುತ್ತಿರುವ ಜಪಾನಿನ ತ್ಸುಕುಬಾದಲ್ಲಿ, ಆಟದ ಸಾಮಾನಿನ ಅಂಗಡಿಯೊಂದಕ್ಕೆ ಸೈಕಲ್ ಪಂಪು ಕೊಳ್ಳಲು ಹೋದವಳು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ನಾವು ಮೊದಲಿದ್ದ ಫುನಾಬೊರಿಯ ಮೂರನೇ ಮಹಡಿಯ ಮನೆ, ಅದರ ಬಾಲ್ಕನಿಯಲ್ಲಿ ಒಣಗುತ್ತಿದ್ದ ಅಮ್ಮನ ಹಪ್ಪಳ, ಕೆಳಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ನಿಂತು ತಲೆಯೆತ್ತಿ "ನಿಧಿ-ಚಾನ್!" ಎಂದು ನನ್ನನ್ನು ಕೂಗುತ್ತಿದ್ದ ಗುನ್ನಾರ್-ಸಾನ್, ಎಲ್ಲ ಒಟ್ಟಿಗೇ ಬಂದವು. ಪಂಪು ಕೊಳ್ಳದೆಯೇ ರೂಮಿಗೆ ವಾಪಸಾದೆ. ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.

ಕೊರೋನಾದ ಆ ವರ್ಷಗಳು ಹೇಗಿದ್ದವೆಂದು ನಿಮಗೆ ಹೇಳಬೇಕಾಗಿಲ್ಲ. ನೀವೂ ಬಾಗಿಲ ಹಿಡಿ ಒರೆಸಿದವರೇ, ಹಾಲಿನ ಪ್ಯಾಕೆಟ್ಟಿಗೆ ಸ್ನಾನ ಮಾಡಿಸಿದವರೇ. ಆದರೂ ನಮ್ಮಮ್ಮನಷ್ಟು ಮಾಡಿರಲಾರಿರಿ. ಮೈಸೂರಿನ ಅಜ್ಜಿಯ ಮಡಿಯನ್ನು ಜೀವಮಾನವಿಡೀ ಗೇಲಿ ಮಾಡಿದ ಅಮ್ಮ, ಶಾಲೆ ಮುಚ್ಚಿದ ವಾರವೇ ಅಜ್ಜಿಗಿಂತ ನಾಲ್ಕು ಪಟ್ಟು ಮಡಿಯವಳಾದಳು. ನಾನು ಹೊರಗಿನಿಂದ ಬಂದರೆ ಸಾಕು, ಅಡುಗೆಮನೆಯಿಂದಲೇ ಶುರು: "ಏಯ್, ಅಲ್ಲೇ ನಿಲ್ಲು! ಕೈ ತೊಳ್ಕೊ ಮೊದ್ಲು. ಆ ಕೊಂಬಿನಿ ಅಂಗಡಿ ಕವರ್ ಒಳಗೆ ತರ್ಬೇಡ, ಬಾಲ್ಕನೀಲಿ ಇಡು." ಕರಿಬೇವಿಗೆ ಉಪ್ಪುನೀರು, ಬಟ್ಟೆಗೆ ಕುದಿನೀರು, ಉಳಿದದ್ದಕ್ಕೆಲ್ಲ ಬ್ಲೀಚು, ಕೊನೆಗೆ ಸುಡುವ ಬಿಸಿಲು. ಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪಿಗೆ ಅಂಟಿಕೊಂಡಿರುತ್ತಿದ್ದ ಅಪ್ಪ, "ನಿಮ್ಮಮ್ಮನ ಕೈಗೆ ಸಿಕ್ರೆ ವೈರಸ್ಸೇ ಸುಮಿಮಾಸೆನ್, ತಪ್ಪಾಯ್ತು ಅಂದು ವಾಪಸ್ ಹೋಗತ್ತೆ" ಎನ್ನುತ್ತಿದ್ದ. ಅಕ್ಕಪಕ್ಕದ ಇಂಡಿಯನ್ ಮನೆಯವರೂ ಏನಾದರೂ ತೊಳೆಯಬೇಕಾದರೆ ಅಮ್ಮನನ್ನು ಕೇಳುತ್ತಿದ್ದರು. ಅಮ್ಮನಿಗೂ ಅದೊಂದು ಹೆಮ್ಮೆ.

ಗುನ್ನಾರ್-ಸಾನ್ ನೆಲಮಹಡಿಯಲ್ಲಿದ್ದರು. ಸ್ವೀಡನ್ನಿನವರು, ಎಪ್ಪತ್ತರ ಹತ್ತಿರ. ನಮ್ಮ ಬಾಗಿಲಿಗೆ ಬಂದರೆ ಮೊದಲು ತಲೆ ಬಗ್ಗಿಸಿ ಆಮೇಲೆ ಕಾಲಿಡಬೇಕು, ಅಷ್ಟುದ್ದ. ಒಂದು ಕಾಲದಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿದ್ದವರು. ಏಪ್ರಿಲ್ ತನಕ ಮೈದಾನದ ಮೇಲೆ ಹಿಮ ಕೂತಿರುವ ಊರಿನಲ್ಲಿ ಹುಟ್ಟಿ, ಜಲ್ಲಿಕಲ್ಲಿನ ನೆಲದ ಮೇಲೆ ಬೀಳುವುದನ್ನು ಕಲಿತು, ಹತ್ತೊಂಬತ್ತಕ್ಕೆ ಅಲ್ಲಿಯ ಒಂದು ದೊಡ್ಡ ತಂಡ ಸೇರಿದ್ದರು. ಸೇರಿ ಏನು ಮಾಡಿದರು? ಹನ್ನೊಂದು ವರ್ಷ ಬೆಂಚಿನ ಮೇಲೆ ಕೂತರು. ಮೊದಲನೆಯ ಗೋಲ್‌ಕೀಪರ್‌ಗೆ ಜ್ವರ ಬಂದರೆ, ಬೆರಳು ಮುರಿದರೆ, ಆಗ ಮಾತ್ರ ಇವರು. ಆ ಪುಣ್ಯಾತ್ಮನ ಆರೋಗ್ಯವೋ, ಗುಂಡುಕಲ್ಲು. "ಅವನು ಹಾಳಾಗಲಿ ಅಂತ ದೇವರನ್ನು ಕೇಳಿಕೊಳ್ಳುತ್ತಿದ್ದೆ, ಅದಕ್ಕೇ ದೇವರು ನನಗೆ ಆಟ ಕೊಡಲಿಲ್ಲ" ಎಂದು ನಗುತ್ತಿದ್ದರು. ನಗುವಾಗ ಅವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಮೂವತ್ತು ದಾಟಿದ ಮೇಲೆ, ಬೇರೆ ಯಾರೂ ಕರೆಯದಿದ್ದಾಗ, ಜಪಾನಿನ ಒಂದು ಕಾರ್ಖಾನೆಯ ತಂಡ ಕರೆಯಿತು. ಇಲ್ಲಿ ಅವರು ಮೊದಲನೆಯವರಾದರು, ಆರು ವರ್ಷ. ಕೊನೆಯ ಪಂದ್ಯದಲ್ಲಿ ಮಳೆ, ಕೈಗೆ ಬಂದ ಚೆಂಡು ಜಾರಿ ಗೆರೆ ದಾಟಿತು. ತಂಡ ಕೆಳಗಿನ ದರ್ಜೆಗೆ ಬಿತ್ತು, ಮರುವರ್ಷ ಕಾರ್ಖಾನೆ ತಂಡವನ್ನೇ ಮುಚ್ಚಿತು. ಅವರ ಆಟದ ಬದುಕು ಅಂದರೆ ಅಷ್ಟೇ.

ಹನ್ನೆರಡು ವರ್ಷದ ನನಗೆ ಅವರು ಸೈಕಲ್ ಸ್ಟ್ಯಾಂಡಿನ ಹಿಂದಿನ ಗೋಡೆಗೆ ಚೆಂಡು ಹೊಡೆದು ಹಿಡಿಯುವುದನ್ನು ಕಲಿಸಿದರು. ಸಿಕ್ಕ ಚೆಂಡನ್ನು ಕೈಯಲ್ಲೇ ಹಿಡಿದು ನಿಲ್ಲಬಾರದು, ಎದೆಗೆ ತಂದುಕೊಂಡು ಅದರ ಮೇಲೆ ಬಗ್ಗಿಬಿಡಬೇಕು, ಆಗ ಯಾರೂ ಕಿತ್ತುಕೊಳ್ಳಲಾರರು ಎನ್ನುತ್ತಿದ್ದರು. ನನಗೆ ಸುಸ್ತಾದದ್ದು ಕಂಡರೆ "ಸಾಕು!" ಎಂದು ಕೂಗುತ್ತಿದ್ದರು. ಅವರಿಗೆ ಬರುತ್ತಿದ್ದ ಕನ್ನಡ ಅದೊಂದೇ. ಅಮ್ಮ ಚಪಾತಿ ಬಡಿಸುವಾಗ ತಟ್ಟೆಗೆ ಕೈ ಅಡ್ಡ ಹಿಡಿದು ಕಲಿತದ್ದು.

ಅವರ ಹೆಂಡತಿ ಮಿಚಿಕೊ-ಸಾನ್ ಆ ಕಾರ್ಖಾನೆಯ ಆಫೀಸಿನಲ್ಲಿದ್ದವರು. ಪ್ರತಿ ಪಂದ್ಯದ ಮೇಲೂ ಗಂಡನ ಗ್ಲೌಸು ತೊಳೆಯುತ್ತಿದ್ದವರು ಅವರೇ. ಅದಕ್ಕೊಂದು ಕ್ರಮವಿತ್ತು. ತಾವೇ ಗ್ಲೌಸು ತೊಟ್ಟು, ತಣ್ಣೀರಿನ ಕೆಳಗೆ ಎರಡೂ ಅಂಗೈ ಉಜ್ಜಬೇಕು, ನಾವು ಕೈ ತೊಳೆದ ಹಾಗೆ. ಹಿಂಡಬಾರದು. ನೆರಳಲ್ಲಿ ನೇತುಹಾಕಬೇಕು. ನಾನು ಅವರನ್ನು ನೋಡುವ ಹೊತ್ತಿಗೆ ಅವರಿಗೆ ಮರೆವು ಹತ್ತಿ, ನದಿಯಾಚೆಯ ಒಂದು ಆರೈಕೆ ಮನೆಯಲ್ಲಿದ್ದರು. ಸೋಂಕಿನ ಭಯಕ್ಕೆ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಭಾನುವಾರ ಕಿಟಕಿಯ ಹೊರಗೆ ಹತ್ತು ನಿಮಿಷ ನಿಲ್ಲಬಹುದಿತ್ತು, ಮಾಸ್ಕು ತೆಗೆಯುವಂತಿರಲಿಲ್ಲ. ಗಾಜಿನಾಚೆಯ ಆ ಉದ್ದನೆಯ ಮನುಷ್ಯ ಯಾರೆಂದು ಮಿಚಿಕೊ-ಸಾನ್‌ಗೆ ಗೊತ್ತಾಗುತ್ತಿರಲಿಲ್ಲ. ಆಗ ಗುನ್ನಾರ್-ಸಾನ್ ಚೀಲದಿಂದ ಆ ಹಳೆಯ, ಹಸಿರು ಬಣ್ಣ ಮಾಸಿದ ಗ್ಲೌಸು ತೆಗೆದು ತೊಟ್ಟು ಎರಡೂ ಕೈ ಎತ್ತುತ್ತಿದ್ದರು. ಅಯ್ಯೋ, ಆ ಮುಖ ನೀವು ನೋಡಬೇಕಿತ್ತು! ಒಳಗೆ ಕೂತ ಅಜ್ಜಿ ನಕ್ಕು, ಅಂಗೈಗೆ ಅಂಗೈ ಉಜ್ಜತೊಡಗುತ್ತಿದ್ದರು. ಗಂಡನ ಹೆಸರು ಮರೆತಿತ್ತು, ಅದನ್ನು ತೊಳೆಯುವುದು ಮರೆತಿರಲಿಲ್ಲ. ನಾನು ಎಷ್ಟೋ ಭಾನುವಾರ ಜೊತೆಗೆ ಹೋಗಿ ಇದನ್ನು ಕಣ್ಣಾರೆ ನೋಡಿದ್ದೇನೆ.

ಎರಡನೇ ಬೇಸಿಗೆಯಲ್ಲಿ ಸೋಂಕು ಮತ್ತೆ ಏರಿತು. ಮಿಚಿಕೊ-ಸಾನ್‌ಗೆ ನಿಶ್ಶಕ್ತಿ ಹೆಚ್ಚಿ ಮೇಲಿನ ಮಹಡಿಗೆ ಸಾಗಿಸಿದರು, ಕಿಟಕಿಯ ಭೇಟಿಯೂ ನಿಂತಿತು. ಬೇಕಾದರೆ ಒಂದು ವಸ್ತು ಕೊಟ್ಟುಕಳಿಸಬಹುದು, ಚೆನ್ನಾಗಿ ಶುಚಿ ಮಾಡಿ ಕೊಡಿ ಎಂದರಂತೆ. ಶುಚಿಯ ಮಾತಿಗೆ ಅಮ್ಮನೇ ಸರಿ ಎಂದು ಗುನ್ನಾರ್-ಸಾನ್ ಗ್ಲೌಸಿನ ಚೀಲ ಹಿಡಿದು ಮೂರು ಮಹಡಿ ಹತ್ತಿ ಬಂದರು. ಅಮ್ಮ ಸ್ನಾನಕ್ಕೆ ಹೋಗಿದ್ದಳು. ನಾನು ಬಾಗಿಲು ತೆರೆದೆ. "ಅಮ್ಮನಿಗೆ ಹೇಳು," ಎಂದು ಜಪಾನಿಯಲ್ಲಿ ಹೇಳಿದರು, "ತಣ್ಣೀರು, ಮೆತ್ತಗಿನ ಸೋಪು, ನೆರಳು." ಮತ್ತೆ ಮೆಟ್ಟಿಲ ಹತ್ತಿರ ನಿಂತು ತಿರುಗಿ ಹೇಳಿದರು, "ತಣ್ಣೀರು, ನೆರಳು. ಅರಿಗಾತೋ, ನಿಧಿ-ಚಾನ್." ಟ್ಯಾಬಿನಲ್ಲಿ ನನ್ನದೊಂದು ಆಟ ಅರ್ಧಕ್ಕೆ ನಿಂತಿತ್ತು. ಹೂಂ ಹೂಂ ಎಂದೆ. ಚೀಲವನ್ನು ಬಾಲ್ಕನಿಯಲ್ಲಿಟ್ಟು, ಅಮ್ಮ ಹೊರಬಂದಾಗ ಪರದೆಯಿಂದ ಕಣ್ಣೆತ್ತದೆ ಹೇಳಿದೆ: "ಗುನ್ನಾರ್-ಸಾನ್ ಗ್ಲೌಸಂತೆ ಮಾ. ಹಾಸ್ಪಿಟಲ್ ಥರ ಕ್ಲೀನ್ ಆಗ್ಬೇಕಂತೆ." ಅಷ್ಟೇ ಹೇಳಿದ್ದು.

ಅಮ್ಮ ಜೀವ ತೇದು ತೊಳೆದಳು. ಕುದಿನೀರಿನಲ್ಲಿ ನೆನೆಹಾಕಿ, ಬ್ಲೀಚು ಹಾಕಿ, ಉಜ್ಜಿ, ಹಿಂಡಿ, ಜಪಾನಿನ ಆಗಸ್ಟಿನ ಉರಿಬಿಸಿಲಿನಲ್ಲಿ ಕ್ಲಿಪ್ಪು ಹಾಕಿ ಎರಡು ದಿನ ಒಣಗಿಸಿದಳು. ಮೂರನೆಯ ದಿನ ಬೆಳಿಗ್ಗೆ ಅವಳ ಕೂಗು ಕೇಳಿ ಓಡಿದೆ. ಗ್ಲೌಸಿನ ಅಂಗೈಗಳು ಹಪ್ಪಳದ ಹಾಗೆ ಸೆಟೆದುಕೊಂಡಿದ್ದವು. ಬೆರಳು ಬಗ್ಗಿಸಿದರೆ ಪುಡಿ ಉದುರುತ್ತಿತ್ತು. ಹಸಿರೆಲ್ಲ ಬಿಳಚಿಹೋಗಿತ್ತು. "ಅಯ್ಯೋ ನನ್ ಕರ್ಮವೇ, ನನ್ನ ಕೈಯಾರೆ ಹಾಳುಮಾಡಿದ್ನಲ್ಲೇ!" ಎಂದು ಅಮ್ಮ ನೆಲಕ್ಕೆ ಕುಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಹೇಗೆ ಒಗೀಬೇಕು ಅಂತ ಏನಾದ್ರೂ ಹೇಳಿದ್ರಾ ನಿಂಗೆ?"

"ಇಲ್ಲ," ಎಂದೆ.

ಅಮ್ಮ ಅಳುತ್ತಲೇ ಕೆಳಗಿಳಿದು ಹೋದಳು, ಹಿಂದೆ ನಾನು. ಗುನ್ನಾರ್-ಸಾನ್ ಗ್ಲೌಸನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಅಮ್ಮ ಇಂಗ್ಲಿಷಿನಲ್ಲಿ ಸಾರಿ ಸಾರಿ ಎನ್ನುತ್ತಲೇ ಇದ್ದಳು, ನೀವು ಒಂದು ಮಾತು ಹೇಳಿದ್ದರೆ ಎಂದಳು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಹೇಳಿಬಿಡುತ್ತಾರೆ ಎಂದುಕೊಂಡು ಅಮ್ಮನ ಹಿಂದೆ ಸರಿದೆ. ಅವರು ಅಮ್ಮನ ಕಡೆ ತಿರುಗಿ "ಸಾಕು" ಎಂದರು. "ಸಾಕು, ಸಾಕು."

ಅದನ್ನೇ ಕೊಟ್ಟುಕಳಿಸಿದರು. ನರ್ಸ್ ಒಬ್ಬರು ದೊಡ್ಡ ಮನಸ್ಸು ಮಾಡಿ ಮಿಚಿಕೊ-ಸಾನ್‌ರನ್ನು ಮೇಲಿನ ಕಿಟಕಿಗೆ ತಂದು ಕೂರಿಸಿದರು. ನಾವು ಕೆಳಗೆ ರಸ್ತೆಯಲ್ಲಿ ನಿಂತಿದ್ದೆವು. ಗ್ಲೌಸನ್ನು ಕೈಗಿಟ್ಟರೆ ಅವರು ಮೂಗಿನ ಹತ್ತಿರ ಒಯ್ದು, ಮುಖ ಸಿಂಡರಿಸಿ ಪಕ್ಕಕ್ಕಿಟ್ಟರು. ಗುನ್ನಾರ್-ಸಾನ್ ಬರಿಗೈಗಳನ್ನೇ ಎತ್ತಿದರು. ಎತ್ತಿದ ಕೈ ಇಳಿಸದೆ ಎಷ್ಟೋ ಹೊತ್ತು ನಿಂತರು. ಆಕೆ ತಂತಿಯ ಮೇಲೆ ಕೂತ ಕಾಗೆಯನ್ನು ನೋಡುತ್ತಿದ್ದರು. ಅಪ್ಪ ತರಿಸಿಕೊಟ್ಟ ಹೊಸ ಗ್ಲೌಸನ್ನು ಗುನ್ನಾರ್-ಸಾನ್ ಮರುವಾರ ಅದೇ ಕಿಟಕಿಯ ಕೆಳಗೆ ತೊಟ್ಟು ಕೈ ಎತ್ತಿದರು, ಆಕೆಗೆ ಅದೂ ಯಾರದೋ ಕೈ. ಹಿಂದಿರುಗಿದ ಮೇಲೆ ಅದನ್ನು ನನಗೇ ಕೊಟ್ಟುಬಿಟ್ಟರು. ಒಂದು ಸಲವೂ ನಾನದನ್ನು ತೊಡಲಿಲ್ಲ.

ಸೆಪ್ಟೆಂಬರಿನಲ್ಲಿ ಮಿಚಿಕೊ-ಸಾನ್‌ಗೆ ಸೋಂಕು ತಗುಲಿತು, ತೀರಿಹೋದರು. ಮುಖ ತೋರಿಸಲಿಲ್ಲ, ದಹನಕ್ಕೂ ಬಿಡಲಿಲ್ಲ. ಒಂದು ಮಧ್ಯಾಹ್ನ ಕೈಗವಸು ಹಾಕಿದ ಇಬ್ಬರು ಬಂದು ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಡಬ್ಬಿಯನ್ನು ಬಾಗಿಲಲ್ಲಿ ಕೊಟ್ಟು, ತಲೆಬಾಗಿ ಹೋದರು. ನಾನು ಮೆಟ್ಟಿಲ ಮೇಲಿದ್ದೆ. ಗುನ್ನಾರ್-ಸಾನ್ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡು ಎದೆಗೆ ತಂದುಕೊಂಡರು, ಅದರ ಮೇಲೆ ಪೂರಾ ಬಗ್ಗಿದರು. ಏಳಲೇ ಇಲ್ಲ. ನಾನು ಹೋಗಿ ಪಕ್ಕದಲ್ಲಿ ನಿಲ್ಲಬೇಕಿತ್ತು. ಮೇಲೆ ಓಡಿಹೋಗಿ ಬಾಗಿಲು ಹಾಕಿಕೊಂಡೆ.

ಮರುವರ್ಷ ಅಪ್ಪನಿಗೆ ನಗೋಯಾ ಕಡೆ ಕೆಲಸ ಸಿಕ್ಕು ಒಕಾಜಾಕಿಗೆ ಮನೆ ಬದಲಿಸಿದೆವು. ಗುನ್ನಾರ್-ಸಾನ್ ಅಲ್ಲೇ ಉಳಿದರು. ಹೋದ ಚಳಿಗಾಲದಲ್ಲಿ ತೀರಿಕೊಂಡರೆಂದು ಹಳೆಯ ಪಕ್ಕದ ಮನೆಯವರು ಮೆಸೇಜು ಕಳಿಸಿದರು. ಅಮ್ಮ ಆ ಬೇಸಿಗೆಯ ಮೇಲೆ ಹಪ್ಪಳ ಮಾಡಿಲ್ಲ, ಬಿಸಿಲಿಗೆ ಏನನ್ನಾದರೂ ಹಾಕುವಾಗ ಈಗಲೂ ಅವಳ ಕೈ ತಡೆಯುತ್ತದೆ. ಮೊನ್ನೆ ಅಂಗಡಿಯಿಂದ ಬಂದು ಫೋನು ಮಾಡಿದೆ, ಹೇಳಿಯೇಬಿಡೋಣವೆಂದು. ಗುನ್ನಾರ್-ಸಾನ್ ಹೆಸರೆತ್ತಿದೆನಷ್ಟೆ, ಅವಳ ದನಿ ಇಳಿಯಿತು. "ಪಾಪ ಕಣೇ ಅವ್ರು. ಒಂದ್ ಮಾತು ಹೇಳಿದ್ದಿದ್ರೆ ನಾನು ಹಂಗ್ ಮಾಡ್ತಿದ್ನಾ? ನಾನಾದ್ರೂ ಕೇಳ್ಬೇಕಿತ್ತು ಅಲ್ವಾ?" ಎಂದಳು. ನಾನು ಹೂಂ ಎಂದೆ. ಊಟ ಆಯಿತಾ ಎಂದು ಕೇಳಿ ಫೋನಿಟ್ಟೆ.

ಹೇಳಿದ್ದರು ಅಮ್ಮಾ. ತಣ್ಣೀರು, ನೆರಳು ಅಂತ ಎರಡು ಸಲ ಹೇಳಿದ್ದರು.